ರಾಯ್ಸ್ ಸ್ಟಿಡಮ್‌ನ ಮೂರನೇ ತಪ್ಪು

ಹ್ಯಾರೋ ಗ್ಯಾಪಿನಲ್ಲಿ ವರ್ಜಿಲ್ ಟ್ಯಾಕೆಟ್ ಎಲ್ಲಿ ಅಂತ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮೇಷ್ಟ್ರೆಲ್ಲಿ ಅಂದರೆ ನಾಯಿಯೂ ಬಾಲ ಅಲ್ಲಾಡಿಸಿ ದಾರಿ ತೋರಿಸುತ್ತದೆ. ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ರೇಖಾಗಣಿತ ಕಲಿಸಿದ್ದು ಅದಕ್ಕೊಂದು ಕಾರಣ. ಇನ್ನೊಂದು, ನಲವತ್ನಾಲ್ಕು ಬೇಸಿಗೆ ಬೇಸ್‌ಬಾಲ್ ಮೈದಾನದ ಮರದ ಅಟ್ಟದಲ್ಲಿ ಕೂತು ಅಧಿಕೃತ ಸ್ಕೋರ್ ಬರೆದದ್ದು.

ಊರಿನ ತಂಡ ಅನ್ನುತ್ತಾರೆಯೇ ಹೊರತು ಅದು ಊರಿನದ್ದಲ್ಲ. ಮಹಾನಗರದ ದೊಡ್ಡ ತಂಡವೊಂದು ತಾನು ಹೊಸದಾಗಿ ಸೇರಿಸಿಕೊಂಡ ಹುಡುಗರನ್ನು ಪಳಗಲಿ ಅಂತ ಜೂನ್ ತಿಂಗಳಲ್ಲಿ ಈ ಬೆಟ್ಟದೂರಿಗೆ ಕಳಿಸುತ್ತಿತ್ತು. ಏಣಿಯ ಕಟ್ಟಕಡೆಯ ಮೆಟ್ಟಿಲು ಇದು. ಇಲ್ಲಿ ಗೆದ್ದವನು ಮೇಲಿನ ಊರಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ. ನೂರರಲ್ಲಿ ತೊಂಬತ್ತು ಜನ ನಡುದಾರಿಯಲ್ಲೇ ಉದುರುತ್ತಿದ್ದರು. ಊರಿನವರು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳದೆ, ಬಂದ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಹೊಟ್ಟೆ ತುಂಬ ತಿನ್ನಿಸಿ, ಆಗಸ್ಟ್ ಕೊನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಬಸ್ಸು ಹತ್ತಿಸುತ್ತಿದ್ದರು.

ಮೇಷ್ಟ್ರ ನಂಟು ಮಾತ್ರ ಬಸ್ಸು ಹೋದಮೇಲೂ ಹರಿಯುತ್ತಿರಲಿಲ್ಲ. ಯಾವ ಹುಡುಗ ಯಾವ ಊರಲ್ಲಿ ಆಡುತ್ತಿದ್ದಾನೆ, ಎಷ್ಟು ಹೊಡೆದ, ಯಾರ ತೋಳು ಕೈಕೊಟ್ಟಿತು, ಎಲ್ಲವನ್ನೂ ವಾರಪತ್ರಿಕೆಯ ಇರುವೆಸಾಲಿನಂಥ ಅಂಕಿಗಳಲ್ಲಿ ಹುಡುಕಿ ನೋಟುಪುಸ್ತಕಕ್ಕೆ ಇಳಿಸುತ್ತಿದ್ದರು. ಆಟ ಬಿಟ್ಟವರನ್ನೂ ಬಿಡುತ್ತಿರಲಿಲ್ಲ. ಒಬ್ಬ ಟೆಕ್ಸಾಸಿನಲ್ಲಿ ಪಾದ್ರಿಯಾದ, ಇನ್ನೊಬ್ಬ ಒಹಾಯೋದಲ್ಲಿ ಹಳೇ ಕಾರು ಮಾರುತ್ತಾನೆ, ಮತ್ತೊಬ್ಬನಿಗೆ ಅವಳಿ ಮಕ್ಕಳು.

"ನನ್ನ ತಂಗಿ ಮಕ್ಕಳ ಹೆಸರು ಹೇಳು ನೋಡೋಣ" ಅಂತ ಹೆಂಡತಿ ನೋರೀನ್ ಕೆಣಕುತ್ತಿದ್ದಳು. "ನಿಂಗೆ ಗೊತ್ತಿಲ್ಲ. ಆದ್ರೆ ಎಪ್ಪತ್ತೊಂಬತ್ತರಲ್ಲಿ ಬಂದಿದ್ದ ಆ ಎಡಗೈ ಹುಡುಗನ ಅತ್ತೆಗೆ ಸೊಂಟ ನೋವು ಅಂತ ಗೊತ್ತು!"

ಒಬ್ಬನ ಬಗ್ಗೆ ಮಾತ್ರ ಮೇಷ್ಟ್ರು ಎಲ್ಲೂ ಹುಡುಕಲಿಲ್ಲ, ಯಾರನ್ನೂ ಕೇಳಲಿಲ್ಲ. ಕೇಳಲು ಭಯವಾಗುತ್ತಿತ್ತು. ಅವನು ರಾಯ್ಸ್ ಸ್ಟಿಡಮ್, ಎಂಬತ್ತಮೂರನೇ ಇಸವಿಯ ಹುಡುಗ. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಂತು ಬಂದ ಚೆಂಡನ್ನೆಲ್ಲ ಬಾಚಿಕೊಳ್ಳುತ್ತಿದ್ದವನು. ಅಂಥ ಕೈಗಳನ್ನು ಮೇಷ್ಟ್ರು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಆ ಆಗಸ್ಟಿನಲ್ಲಿ ಯಾರನ್ನು ಮೇಲಕ್ಕೆ ಕಳಿಸಬೇಕು, ಯಾರನ್ನು ಮನೆಗೆ ಕಳಿಸಬೇಕು ಅಂತ ನೋಡಲು ದೊಡ್ಡ ತಂಡದ ಅಧಿಕಾರಿ ಹುಲ್ಲಿನ ಟೋಪಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ರಾಯ್ಸ್‌ಗೆ ಆ ದಿನ ಏನಾಗಿತ್ತೋ, ಎರಡು ಚೆಂಡು ಬಿಟ್ಟಿದ್ದ. ಎಂಟನೇ ಸುತ್ತಿನಲ್ಲಿ ಮೂರನೆಯದು ನೆಲಕ್ಕಂಟಿಕೊಂಡು ನೇರ ಅವನ ಕಡೆಗೇ ಬಂತು. ಕಡೇ ಗಳಿಗೆಯಲ್ಲಿ ಪುಟಿದು, ಅವನ ಮಣಿಕಟ್ಟಿಗೆ ತಾಗಿ ಹಿಂದಕ್ಕೆ ಓಡಿತು. ಎದುರಾಳಿಗಳಿಗೆ ಎರಡು ರನ್ನು. ರಾಯ್ಸ್ ಸಿಟ್ಟಿನಿಂದ ಬಗ್ಗಿ ನೆಲದಿಂದ ಏನನ್ನೋ ಹೆಕ್ಕಿ ಆಚೆ ಬಿಸಾಡಿದ ಹಾಗೆ ಕಂಡಿತು.

ಇಂಥ ಹೊತ್ತಿನಲ್ಲಿ ಇಡೀ ಮೈದಾನ ಅಟ್ಟದ ಕಡೆ ತಿರುಗುತ್ತದೆ. ಹೊಡೆದವನ ಜಾಣತನವೋ, ಹಿಡಿಯಬೇಕಾದವನ ತಪ್ಪೋ ಅಂತ ತೀರ್ಪು ಹೇಳಬೇಕಾದವನು ಸ್ಕೋರ್ ಬರೆಯುವವನು. ಹೊಡೆದವನ ಜಾಣತನ, ಅಂದರೆ ಹಿಟ್, ಅಂತ ಬರೆದರೆ ರನ್ನು ಚೆಂಡೆಸೆದ ಪಾಪದ ಪಿಚರ್ ತಲೆಗೆ, ಅವನೂ ಹದಿನೆಂಟರ ಹುಡುಗನೇ. ಮೇಷ್ಟ್ರು ತಪ್ಪು ಅಂತ ಬರೆದರು. ಫಲಕದಲ್ಲಿ ಕೆಂಪು ದೀಪ ಹತ್ತಿತು, ಜನ ಹೋ ಅಂದರು, ಹುಲ್ಲಿನ ಟೋಪಿಯವನು ತನ್ನ ಪುಸ್ತಕದಲ್ಲಿ ಏನೋ ಗೀಚಿದ.

ಆಟ ಮುಗಿದಮೇಲೆ ತಂಡದ ಮ್ಯಾನೇಜರ್ ಏದುಸಿರು ಬಿಡುತ್ತ ಅಟ್ಟ ಹತ್ತಿ ಬಂದ. "ಮೇಷ್ಟ್ರೇ, ಕಲ್ಲಿಗೆ ತಗುಲಿ ಪುಟೀತು ಅಂತಾನೆ ಹುಡುಗ. ಹಿಟ್ ಅಂತ ತಿದ್ದಿ. ನಾಳೆವರೆಗೂ ಅವಕಾಶ ಇದೆಯಲ್ಲ."

"ನನ್ನ ಕಣ್ಣಿಗೆ ಕಲ್ಲು ಬೀಳ್ಲಿಲ್ಲ."

"ಇಲ್ಲಿಂದ ಅಲ್ಲಿರೋ ಕಲ್ಲು ಕಾಣುತ್ತೇನ್ರೀ? ನೀವೇನು ಹದ್ದಾ?"

ಮೇಷ್ಟ್ರು ತಿದ್ದಲಿಲ್ಲ. ಬೆಳಿಗ್ಗೆ ಮನಸ್ಸು ತಡೆಯದೆ ಮೈದಾನಕ್ಕೆ ಹೋಗಿ ಆ ಜಾಗದಲ್ಲಿ ಕೂತು ಹುಡುಕಿದರು. ಜೇಬು ತುಂಬುವಷ್ಟು ಕಲ್ಲು ಸಿಕ್ಕಿತು. ಹುಡುಕಿದರೆ ಕಲ್ಲು ಸಿಗದ ನೆಲ ಯಾವುದು ಹೇಳಿ! ರೇಖಾಗಣಿತದವರಿಗೆ ಇಷ್ಟು ಹೊಳೆಯಲಿಲ್ಲ. ಓಡೋಡಿ ಮ್ಯಾನೇಜರ್ ಹತ್ತಿರ ಹೋದರೆ ರಾಯ್ಸ್‌ನನ್ನು ತಂಡದಿಂದ ತೆಗೆದು ಆರು ಗಂಟೆ ಬಸ್ಸಿಗೆ ಹತ್ತಿಸಿಯಾಗಿತ್ತು. ಅಂದಿನಿಂದ ಅದೊಂದು ಮುಳ್ಳು ಒಳಗೇ ಉಳಿಯಿತು, ಮೂವತ್ತಾರು ವರ್ಷ.

ಈ ವರ್ಷ ದೊಡ್ಡ ತಂಡಕ್ಕೆ ಕೆಳಗಿನ ಮೆಟ್ಟಿಲು ಬೇಡವಾಯಿತು. ಇನ್ನು ಹುಡುಗರು ಬರುವುದಿಲ್ಲ ಅಂತ ಒಂದು ಸಾಲಿನ ಕಾಗದ ಬಂತು. ಕೊನೆಯ ಆಟಕ್ಕೆ ಊರಿನವರು ಹಳೆಯ ಹುಡುಗರನ್ನೆಲ್ಲ ಕರೆದರು. ಬರುವವರ ಪಟ್ಟಿ ಓದುತ್ತಿದ್ದ ನೋರೀನ್ ನಡುವೆ ನಿಂತಳು.

"ರಾಯ್ಸ್ ಸ್ಟಿಡಮ್ ಬರ್ತಿದಾನೆ."

ಮೇಷ್ಟ್ರು ಕಾಫಿ ಕೆಳಗಿಟ್ಟು ಎಂಬತ್ತಮೂರರ ಸ್ಕೋರ್ ಪುಸ್ತಕ ಹುಡುಕಲು ಎದ್ದರು.

"ಹೋಗಿ ಕ್ಷಮಿಸು ಅಂತ ಕೇಳ್ಬಿಡು. ಎಪ್ಪತ್ತೊಂಬತ್ತಾಯ್ತು ನಿಂಗೆ. ಇನ್ನೆಲ್ಲಿ ಕೇಳ್ತೀಯ, ಸ್ವರ್ಗದಲ್ಲಾ? ಅಲ್ಲಿಗೆ ನಿನ್ನ ಬಿಡ್ತಾರೆ ಅಂತ ಯಾರು ಹೇಳಿದ್ದು?"

ಭಾನುವಾರ ಮಧ್ಯಾಹ್ನ ಆಟಕ್ಕೆ ಇನ್ನೂ ಒಂದು ಗಂಟೆ ಇರುವಾಗಲೇ ಮೇಷ್ಟ್ರು ಎಂಬತ್ತಮೂರರ ಸ್ಕೋರ್ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅಟ್ಟದಲ್ಲಿ ಕೂತಿದ್ದರು. ಬೋಳುತಲೆಯ, ದಪ್ಪ ಹೊಟ್ಟೆಯ ಗಂಡಸೊಬ್ಬ ಮೆಟ್ಟಿಲು ಹತ್ತಿ ಬಂದ. ಕೈಗಳನ್ನು ನೋಡಿದ ಕೂಡಲೇ ಮೇಷ್ಟ್ರಿಗೆ ಗುರುತು ಸಿಕ್ಕಿತು.

ಕುಶಲ ಕೇಳುವಷ್ಟೂ ತಾಳ್ಮೆ ಇರಲಿಲ್ಲ ಅವರಿಗೆ. ಪುಸ್ತಕ ಬಿಚ್ಚಿ ಆ ಪುಟ ತೋರಿಸಿದರು. "ರಾಯ್ಸ್, ನಾನು ನಿನಗೆ ಅನ್ಯಾಯ ಮಾಡ್ದೆ ಕಣಪ್ಪ. ಅದು ಕಲ್ಲಿಗೆ ತಗುಲಿತ್ತು. ಈ ಪುಸ್ತಕ ಲೈಬ್ರರಿಗೆ ಹೋಗುತ್ತೆ. ಅದಕ್ಕೆ ಮುಂಚೆ ನಿನ್ನೆದುರಿಗೇ ತಿದ್ದಿ ರುಜು ಹಾಕ್ತೀನಿ."

ರಾಯ್ಸ್ ಪುಟವನ್ನು ದಿಟ್ಟಿಸಿದ. ಆಮೇಲೆ ಮೇಷ್ಟ್ರ ಪೆನ್ಸಿಲನ್ನು ಮೆಲ್ಲಗೆ ಕಿತ್ತುಕೊಂಡ.

"ಬೇಡಿ ಮೇಷ್ಟ್ರೇ. ಕಲ್ಲೂ ಇರ್ಲಿಲ್ಲ, ಮಣ್ಣೂ ಇರ್ಲಿಲ್ಲ. ಚೆಂಡು ಬರ್ತಿರುವಾಗ ನಾನು ಆ ಹುಲ್ಲಿನ ಟೋಪಿಯವನ ಕಡೆ ನೋಡ್ದೆ, ನನ್ನನ್ನೇ ನೋಡ್ತಿದಾನಾ ಅಂತ. ಕಣ್ಣು ಅಲ್ಲಿ, ಚೆಂಡು ಇಲ್ಲಿ. ಜಾರಿಹೋದ್ಮೇಲೆ ಬಗ್ಗಿ, ಇಲ್ಲದ ಕಲ್ಲನ್ನ ಎತ್ತಿ ಬಿಸಾಕ್ದೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತಲ್ಲ, ಹಂಗೆ."

ಮೇಷ್ಟ್ರು ಪುಸ್ತಕವನ್ನು ಹತ್ತಿರ ಎಳೆದುಕೊಂಡು ಆ ಪುಟವನ್ನು ಮತ್ತೆ ನೋಡಿದರು.

"ಮ್ಯಾನೇಜರ್ ನಂಬಿದ್ರು. ನಮ್ಮಪ್ಪ ನಂಬಿದ್ರು. ಒಂದು ಕಲ್ಲಿಂದ ಮಗನ ಬಾಳು ಹಾಳಾಯ್ತು ಅಂತ ಸಾಯೋವರೆಗೂ ಊರೆಲ್ಲ ಹೇಳ್ಕೊಂಡು ಬಂದ್ರು. ಅಲ್ಲ ಅನ್ನೋ ಧೈರ್ಯ ನನಗೆ ಬರ್ಲಿಲ್ಲ. ನಂಬದೇ ಇದ್ದೋರು ನೀವೊಬ್ರೆ. ಅದನ್ನೂ ಅಳಿಸಿಬಿಟ್ರೆ ನಿಜ ಹೇಳೋ ಕಾಗದ ಒಂದೂ ಉಳಿಯಲ್ಲ."

ಮೇಷ್ಟ್ರಿಗೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಮೊದಲು ರೇಗಿತು, ಮೂವತ್ತಾರು ವರ್ಷದ ನಿದ್ದೆ ಯಾರು ತಂದುಕೊಡುತ್ತಾರೆ ಅಂತ. ರೇಗಿದ್ದು ಇಳಿದಮೇಲೆ ದುಃಖ ಒತ್ತರಿಸಿ ಬಂತು. ನಾನು ಸರಿಯಾಗಿಯೇ ಬರೆದಿದ್ದೆ. ಮಾಡದ ತಪ್ಪಿಗೆ ಮುಖ ಮರೆಸಿಕೊಂಡು, ಸಾವಿರ ಹುಡುಗರ ಬೆನ್ನು ಹತ್ತಿದವನು ಈ ಒಬ್ಬ ಹುಡುಗನನ್ನು ಕೈಬಿಟ್ಟುಬಿಟ್ಟೆ. ಇವನು ಬಸ್ಸಿಳಿದು ಎಲ್ಲಿ ಹೋದ, ಹೇಗೆ ಬದುಕಿದ, ಒಂದಕ್ಷರ ಗೊತ್ತಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮುಚ್ಚಿಡಲಿಲ್ಲ.

"ಆ ಪೆನ್ಸಿಲ್ ಕೊಡಿಲ್ಲಿ" ಅಂದರು.

"ತಿದ್ದಲ್ಲ ತಾನೇ?"

"ಇಲ್ಲ ಮಾರಾಯ. ಕೂತ್ಕೋ. ಆರು ಗಂಟೆ ಬಸ್ಸು ಹತ್ತಿದೆಯಲ್ಲ, ಅಲ್ಲಿಂದ ಹೇಳು. ಒಂದೊಂದು ವರ್ಷಾನೂ ಹೇಳ್ಬೇಕು."

ರಾಯ್ಸ್ ಮುಜುಗರದಿಂದ ನಕ್ಕು ಬೆಂಚಿನ ಮೇಲೆ ಕೂತ. ಎಂಬತ್ತನಾಲ್ಕರಲ್ಲಿ ಮಾವನ ಗ್ಯಾರೇಜಿನಲ್ಲಿ ಟೈರು ಬದಲಾಯಿಸಿದ್ದು. ಎಂಬತ್ತೈದರಲ್ಲಿ ಕುಡಿತ, ಅದರ ಬಗ್ಗೆ ಹೆಚ್ಚು ಕೇಳಬೇಡಿ ಅಂದ. ಎಂಬತ್ತಾರರಲ್ಲಿ ಕುಡಿತ ಬಿಡಿಸಿದವಳನ್ನೇ ಮದುವೆಯಾದದ್ದು. ಮೇಷ್ಟ್ರು ನೋಟುಪುಸ್ತಕದ ಮೇಲೆ ಬಗ್ಗಿ ಒಂದೂ ಬಿಡದೆ ಬರೆಯುತ್ತ ಹೋದರು.

ಕೆಳಗೆ ಮೈಕಿನಲ್ಲಿ ಅವರ ಹೆಸರು ಕೇಳಿಬಂತು. ಕೊನೆಯ ಆಟದ ಮೊದಲ ಚೆಂಡು ಎಸೆಯುವ ಗೌರವ ಮೇಷ್ಟ್ರದ್ದು, ದಯಮಾಡಿ ಕೆಳಗೆ ಬರಬೇಕು ಅಂತ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

"ಮೇಷ್ಟ್ರೇ, ನಿಮ್ಮನ್ನೇ ಕರೀತಿರೋದು."

"ಕರೀಲಿ ಬಿಡು, ಕಾಯ್ತಾರೆ. ಎಂಬತ್ತೇಳರಲ್ಲಿ?"

"ಎಂಬತ್ತೇಳರಲ್ಲಿ ಮಗಳು ಹುಟ್ಟಿದ್ಲು."

"ಹೆಸರು?" ಅಂದರು ಮೇಷ್ಟ್ರು.