ನೊರೆ ಗಟ್ಟಿಯಾಗುವವರೆಗೆ

ಸೊಂಟದ ಕೆಳಗೆ ಬಿಸಿ, ಹಿತವಾದ ಬಿಸಿ, ಮಡಿಲಲ್ಲಿ ಮಲಗಿದ ಮಗು ಉಚ್ಚೆ ಹೊಯ್ದಾಗ ಬಟ್ಟೆಯೊಳಗೆ ಹಬ್ಬುತ್ತದಲ್ಲ ಹಾಗೆ ಮೆಲ್ಲಮೆಲ್ಲನೆ ಹಬ್ಬುವ ಬಿಸಿ, ಉಷಾಲತಾ ಕದಲುವುದಿಲ್ಲ, ಕದಲಬಾರದು, ಸೀಟಿಗೆ ಹಾಸಿದ ಪ್ಲಾಸ್ಟಿಕ್ ಚೀಲದೊಳಗೆ ನೊರೆ ಉಬ್ಬುತ್ತಿದೆ, ಬೆನ್ನ ಹಿಂದೆ ತುಂಬಿತು, ಈಗ ಪಕ್ಕೆಗೆ ಬಂತು, ಹನ್ನೆರಡು ನಿಮಿಷಕ್ಕೆ ಗಟ್ಟಿಯಾಗುತ್ತದಂತೆ, ಆಮೇಲೆ ಈ ಸೀಟು ಯಾರ ಬೆನ್ನಿನ ಅಚ್ಚು ಹಿಡಿದಿದೆಯೋ ಅವರೊಬ್ಬರಿಗೇ, ಬೇರೆಯವರಿಗೆ ತೂರಿಕೊಳ್ಳಲಿಕ್ಕೂ ಆಗದು, ಅಂದರೆ ಬರುವ ತಿಂಗಳು ಈ ಕೊಲ್ಲಿ ದೇಶದ ಸಖೀರ್ ರೇಸ್ ಟ್ರ್ಯಾಕಿನಲ್ಲಿ ಈ ಕಾರು ಓಡಿಸುವವರು ಯಾರೆಂದು ಇಲ್ಲೇ, ಅದ್ಲಿಯಾ ಬಡಾವಣೆಯ ಈ ಹಳೆಯ ವಿಲ್ಲಾದ ಹಿಂದಿನ ಶೆಡ್ಡಿನಲ್ಲಿ, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ತೀರ್ಮಾನವಾಗುತ್ತಿದೆ, ಮತ್ತು ಇಲ್ಲಿ ಕೂರಬೇಕಾದದ್ದು ಅವಳಲ್ಲ, ಗಂಡ ಯಶವಂತ — ಅವನು ಒಳಗೆ ಕೋಣೆಯಲ್ಲಿ ರೇಸಿನ ಅಂಗಿಯ ಜಿಪ್ಪಿನೊಡನೆ ಕುಸ್ತಿ ಮಾಡುತ್ತಿದ್ದಾನೆ, ಆರು ತಿಂಗಳ ಹಿಂದೆ ಹೊಲಿಸಿದ ಅಂಗಿ, ಆರು ತಿಂಗಳ ಕೋರಿರೊಟ್ಟಿ, ಜಿಪ್ಪು ಹೊಟ್ಟೆಯ ತನಕ ಬಂದು ಮುಷ್ಕರ ಹೂಡಿದೆ. ಒಂದು ನಿಮಿಷ ಮಾರಾಯ್ರೆ, ಬಂದೆ, ಅಂದ ಅವನು, ಇತ್ತ ಗೆಳೆಯ ರಸೆಲ್ ಕನ್ನಡಕ ಏರಿಸಿ ಸೂಚನೆಯ ಚೀಟಿಯನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದುತ್ತಿದ್ದ, ಎರಡೂ ಬಾಟಲಿ ಸೇರಿಸಿ ಇಪ್ಪತ್ತು ಸೆಕೆಂಡ್ ಕಲಸತಕ್ಕದ್ದು, ಕಲಸತಕ್ಕದ್ದು ಎಂದದ್ದೇ ತಡ ವೆಲ್ಡರ್ ಇದಿನಬ್ಬ ಸೇರಿಸಿ ಕಲಸಿ ಸುರಿದೇಬಿಟ್ಟ, ಅಯ್ಯೋ ನಾನು ಬರೀ ಓದಿದ್ದು ಮಾರಾಯ! ಓದಿದ್ದಾ, ಹಾಗೆ ಹೇಳ್ಬೇಕಲ್ಲ ರಸೆಲಣ್ಣ! ಉಷಕ್ಕಾ, ಇದು ನಿಲ್ಲುದಿಲ್ಲ, ಹಾಲು ಉಕ್ಕಿದ ಹಾಗೆ ಬರ್ತಾ ಉಂಟು, ಯಾರಾದ್ರೂ ಕೂತ್ಕೊಳ್ಳಿ — ಇದ್ದದ್ದು ಅದೊಂದೇ ಜೊತೆ ಬಾಟಲಿ, ಹಿದ್ದ್ ಬಂದರಿನ ಕಸ್ಟಮ್ಸಿನಿಂದ ಬಿಡಿಸಿಕೊಂಡು ಬರಲು ಏಳು ವಾರ ಹಿಡಿದದ್ದು, ಚಹಾದ ತಟ್ಟೆ ನೆಲಕ್ಕಿಟ್ಟು ಕಾರಿನೊಳಗಿನ ಕಬ್ಬಿಣದ ಕೊಳವೆಗಳ ನಡುವೆ ನುಸುಳಿ ಸೀಟಿಗೆ ಇಳಿದವಳು ಅವಳು, ಇಳಿಯುವಾಗ ಒಂದೇ ಯೋಚನೆ, ಹಾಳಾಗಬಾರದು ಅಂತ. ಹೌದಾ? ಅದೊಂದೇ ಯೋಚನೆಯಾ ಉಷಾ?

ಈ ಕಾರೂ ಹಾಗೇ, ಹಾಳಾಗಬಾರದು ಅಂತ ತಂದದ್ದು, ಎಪ್ಪತ್ತು ವರ್ಷ ಹಿಂದಿನ ಅಮೆರಿಕದ ಕಾರು, ಖರ್ಜೂರದ ತೋಟವೊಂದರಲ್ಲಿ ಕೋಳಿಗೂಡಾಗಿತ್ತು, ಸ್ಟೀರಿಂಗಿನ ಮೇಲೆ ಹೇಂಟೆಯೊಂದು ಯಜಮಾನ್ತಿಯ ಹಾಗೆ ಕೂತಿತ್ತು, ಎರಡೂವರೆ ವರ್ಷದ ರಜೆಯ ಶುಕ್ರವಾರಗಳನ್ನು ತಿಂದು ಈ ರೂಪಕ್ಕೆ ಬಂದಿದೆ, ಬಾನೆಟ್ಟಿಲ್ಲದೆ ಬತ್ತಲೆ ನಿಂತ ಎಂಟು ಸಿಲಿಂಡರಿನ ಎಂಜಿನ್, ಹಿಂದೆ ರೋಡ್‌ರೋಲರಿನಂಥ ಟೈರು, ಒಂದೇ ಸೀಟು, ಕಾಲು ಮೈಲಿ ನೆಟ್ಟಗೆ ಓಡುವುದೊಂದೇ ಇದರ ಕೆಲಸ, ಹಗುರ ಇದ್ದಷ್ಟು ಬೇಗ, ಅದಕ್ಕೇ ಗಂಡಸರು ಸೇರಿ ಬಾಗಿಲ ಹಿಡಿ ಕಿತ್ತರು, ಗಾಜು ತೆಗೆದು ಪ್ಲಾಸ್ಟಿಕ್ ಕೂರಿಸಿದರು, ಬಾಗಿಲ ತಗಡಿಗೆ ನೀರುದೋಸೆಯ ಹಾಗೆ ತೂತು ಕೊರೆದರು, ಉದುರಿದ ಪುಡಿಯನ್ನು ತೂಗಿ ಇನ್ನೂರು ಗ್ರಾಂ ಇಳಿಯಿತು ಅಂತ ಕುಣಿದರು, ತೊಂಬತ್ತನಾಲ್ಕು ಕಿಲೊದ ಡ್ರೈವರ್ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ. ಅವಳ ತೂಕ ಐವತ್ತೊಂದು. ಒಮ್ಮೆ ಹೇಳಿದ್ದಳು, ಇಷ್ಟು ತೂತು ಯಾಕೆ, ನಾನು ಕೂತರೆ ನಲವತ್ತಮೂರು ಕಿಲೊ ಇಳೀತದಲ್ಲ, ರಸೆಲ್ ನಕ್ಕ ನಗೆಗೆ ಚಹಾ ಮೂಗಿಗೆ ಹೋಯಿತು, ಯಶವಂತ ಅಂದ, ಹಾಗಾದ್ರೆ ನಾಳೆಯಿಂದ ಡಾಕ್ಟ್ರು ಹೊರಗೆ, ಆಪರೇಷನ್ ಸಿಸ್ಟರ್ ಮಾಡ್ಲಿಕ್ಕುಂಟು! ಎಲ್ಲರೂ ನಕ್ಕರು, ಅವಳೂ ನಕ್ಕಳು, ಆ ನಗು ಇನ್ನೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಸಲ್ಮಾನಿಯಾ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ ಕೊಟ್ಟ ಕೈ ಇದು, ಕತ್ತರಿ ಕೊಟ್ಟಿತು, ಸೂಜಿ ಕೊಟ್ಟಿತು, ಕೇಳುವ ಮೊದಲೇ ಕೊಟ್ಟಿತು, ಮನೆಗೆ ಬಂದು ಹದಿನಾಲ್ಕರ ಸ್ಪಾನರ್ ಕೊಟ್ಟಿತು, ನಿನ್ನದು ಸಣ್ಣ ಬೆರಳು ಉಷಾ ಅಂತ ಕಾರ್ಬ್ಯುರೇಟರಿನ ಜೆಟ್ ಹಾಕಿಸಿಕೊಂಡರು, ವೈರೆಲ್ಲ ಜೋಡಿಸಿಕೊಂಡರು, ಕೊಡುವುದಕ್ಕೆ ಅವಳ ಕೈ ಬೇಕು, ಹಿಡಿಯುವ ಕೈ ಮಾತ್ರ ಗಂಡಸಿನದ್ದೇ ಆಗಬೇಕು, ಯಾವ ಶಾಸನ ಇದು, ಕೆತ್ತಿದವನು ಯಾರು? ಮೊದಲು ಕೆಲಸಕ್ಕೆ ಬಂದ ಖಾಸಗಿ ಕ್ಲಿನಿಕ್ಕಿನಲ್ಲಿ ಅವಳ ಪಾಸ್‌ಪೋರ್ಟ್ ಇನ್ನೊಬ್ಬನ ಡ್ರಾವರಿನಲ್ಲಿತ್ತು, ಹಾಸ್ಟೆಲಿನ ಗೇಟು ಎಂಟಕ್ಕೆ ಮುಚ್ಚುತ್ತಿತ್ತು, ನಿಮ್ಮ ಒಳ್ಳೆಯದಕ್ಕೇ ಸಿಸ್ಟರ್, ಎಲ್ಲ ಬೀಗವೂ ಒಳ್ಳೆಯದಕ್ಕೇ, ಬೀಗ ಹಾಕಿದವನು ಮಾತ್ರ ಯಾವತ್ತೂ ಹೊರಗೆ. ರೇಸು ಹೊರಡುವ ಸೂಚನೆಯ ಅಭ್ಯಾಸಕ್ಕೆಂದು ರಸೆಲ್ ಕಟ್ಟಿದ ದೀಪದ ಕಂಬ ನೆನಪಾಗಿ ನಗು ಬರುತ್ತಿದೆ, ನಗಬಾರದು, ಅಚ್ಚು ಅಲುಗುತ್ತದೆ, ಹಳದಿ ಹಳದಿ ಹಳದಿ ಹಸಿರು, ಹಸಿರಿಗೆ ಗುಂಡಿ ಒತ್ತಬೇಕು, ಗಂಡಸರು ಗಂಟೆಗಟ್ಟಲೆ ಬೆವರಿದರು, ಅವಳು ಒಂದು ಕೈಯಲ್ಲಿ ತಟ್ಟೆ ಹಿಡಿದೇ ಒತ್ತಿದಳು, ಮೂವರಿಗಿಂತ ಬೇಗ, ಇನ್ನೊಮ್ಮೆ ಅಂದರು, ಮತ್ತೂ ಬೇಗ, ಮೆಷಿನ್ ಹಾಳಾಗಿದೆ ಅಂದ ಯಶವಂತ. ಡಾಕ್ಟರ ಭುಜ ನೋಡಿಯೇ ಅವರ ಕೈ ಎಂತ ಕೇಳುತ್ತದೆಂದು ತಿಳಿಯುವವಳಿಗೆ ಒಂದು ಬಲ್ಬು ಹೆಚ್ಚಾ? ಮೊಣಕಾಲಿನ ಆಪರೇಷನ್ನಿಗೆ ಮೂಳೆಯ ಸಿಮೆಂಟ್ ಕಲಸುವವಳೂ ಅವಳೇ, ಪುಡಿಗೆ ದ್ರವ ಹಾಕಿ ಕಲಸಿದರೆ ಹೀಗೇ ಬಿಸಿಯಾಗುತ್ತಾ ಬಿಗಿಯುತ್ತದೆ, ಎಷ್ಟಾಯ್ತು ಸಿಸ್ಟರ್, ನಾಲ್ಕು ನಿಮಿಷ ಡಾಕ್ಟರ್, ಇನ್ನೂ ಹಸಿ, ಎಷ್ಟಾಯ್ತು, ಹತ್ತು, ಈಗ ಬಿಡಬಹುದು — ಈ ಶೆಡ್ಡಿನಲ್ಲಿ ಹದ ತಿಳಿದವಳು ಅವಳೊಬ್ಬಳೇ, ಗೋಡೆಯ ಗಡಿಯಾರ ನೋಡುತ್ತಾಳೆ, ಕೂತು ಐದು ನಿಮಿಷ.

ಬಾಗಿಲು ಬಡಿಯಿತು, ಯಶವಂತ ಬಂದ, ಕೆಂಪು ಅಂಗಿ, ಅರ್ಧ ಜಿಪ್ಪು, ಬನಿಯನ್ ಹೊರಗೆ. ಹೋ ಉಷಾ, ನೀನೆಂತ ಮಾಡ್ತಾ ಇದ್ದಿ ಅಲ್ಲಿ? ಕಲಸಿದ್ದು ಇವನು, ಅಂದ ರಸೆಲ್. ಓದಿದ್ದು ಇವರು, ಅಂದ ಇದಿನಬ್ಬ. ಏಳು ಏಳು, ನಾನು ಕೂತ್ಕೊಳ್ತೇನೆ, ಅಲ್ಲ, ಗಟ್ಟಿ ಆಯ್ತಾ? ಅವನು ಕೇಳುತ್ತಿರುವುದು ಅವಳನ್ನೇ, ಹದ ತಿಳಿದವಳನ್ನು, ಆಯ್ತು ಮಾರಾಯ್ರೆ, ಎಂತ ಮಾಡುದು, ಗ್ರಹಚಾರ ಅಂದುಬಿಟ್ಟರೆ ಮುಗಿಯಿತು, ಬೈಗುಳ ಇದಿನಬ್ಬನಿಗೆ, ಸೀಟು ಅವಳಿಗೆ, ಅಮ್ಮ ಹಾಗೇ ಗೆದ್ದಳು, ದೊಡ್ಡಮ್ಮ ಹಾಗೇ ಗೆದ್ದಳು, ಗೆದ್ದದ್ದನ್ನೆಲ್ಲ ಸೆರಗಿನಡಿ ಬಚ್ಚಿಟ್ಟು, ಗೆದ್ದೆ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಾಗದೆ ಸತ್ತರು — ಇಲ್ಲ, ಅಂದಳು, ಇನ್ನೂ ಹಸಿ ಉಂಟು, ಈಗ ನೀವು ಕೂತರೂ ನಿಮ್ಮ ಅಚ್ಚೇ ಬರ್ತದೆ. ಮತ್ತೆಂತ, ಏಳು! ಏಳುದಿಲ್ಲ. ಎಂತ? ಏಳುದಿಲ್ಲ ಅಂದೆ, ಕಾರು ನಾನು ಓಡಿಸ್ತೇನೆ. ಪಕ್ಕದ ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಶೆಡ್ಡಿನೊಳಗೆಲ್ಲ ಉರುಳಿತು. ಹತ್ತು ಸೆಕೆಂಡಿಗೆ ಇನ್ನೂರು ಸ್ಪೀಡು ಹೋಗ್ತದೆ ಉಷಾ, ನಿಂಗೆ ಹೆದರಿಕೆ ಆಗ್ತದೆ. ಆಗ್ತದೆ, ನಿಮಗೆ ಆಗುದಿಲ್ವಾ? ಅವನು ಬಗ್ಗಿದ, ಅವಳ ಭುಜದ ಪಕ್ಕ ಚೀಲದ ಅಂಚಿಗೆ ಹೆಬ್ಬೆರಳು ಒತ್ತಿದ, ಹೆಬ್ಬೆರಳು ಪೂರಾ ಇಳಿಯಿತು, ಗ್ರೀಸು ಕಟ್ಟಿದ ಉಗುರು ಕಾಣದಾಯಿತು. ಯಶಣ್ಣ, ಅಂದ ಇದಿನಬ್ಬ, ನಲವತ್ತಮೂರು ಕಿಲೊ ಇಳಿಸ್ಲಿಕ್ಕೆ ನಾನು ಇನ್ನೆಷ್ಟು ತೂತು ಕೊರೀಬೇಕು, ಬಾಗಿಲೇ ಉಳೀಲಿಕ್ಕಿಲ್ಲ. ರಸೆಲ್ ಫಕ್ಕನೆ ನಕ್ಕ, ಯಶವಂತ ನಗಲಿಲ್ಲ, ಎರಡೂವರೆ ವರ್ಷ ಇದೇ ಕನಸು ಕಂಡೆ ನಾನು, ಅಂದ, ಸಣ್ಣ ಸ್ವರದಲ್ಲಿ, ಅವಳ ಕಾಲು ತಾನಾಗಿ ಏಳಲು ಬಿಗಿಯಿತು, ಕೊಟ್ಟು ಕೊಟ್ಟು ಅಭ್ಯಾಸವಾದ ಮೈ, ಕೂರು ಮುಂಡೇದೇ ಎಂದು ಗದರಿಸಿದಳು ತನ್ನ ಕಾಲನ್ನೇ, ನಾನೂ ಅದೇ ಎರಡೂವರೆ ವರ್ಷ ಕಂಡೆ, ಹೇಳಿದ್ದೆ, ನೀವು ನಗಾಡಿದ್ರಿ, ಅಂದಳು. ಹೆಬ್ಬೆರಳು ಮತ್ತೆ ಬಂತು, ಈ ಸಲ ಅರ್ಧ ಇಳಿಯಿತು, ಈಗಲೂ ಸಮಯ ಉಂಟು, ಅವನಿಗೂ ಗೊತ್ತು, ಅವಳಿಗೂ ಗೊತ್ತು, ಎಷ್ಟಾಯ್ತು, ಅಂದ. ಎಂಟು. ಅವನು ಉಸಿರು ಬಿಟ್ಟ, ಹೊಟ್ಟೆಯ ಮೇಲಿನ ಜಿಪ್ಪು ಸರ್ರನೆ ಕೆಳಗಿಳಿಯಿತು, ಎಡ ಭುಜ ವಾಲಿದೆ ನೋಡು, ನೆಟ್ಟಗೆ ಕೂತ್ಕೊ, ಅಚ್ಚು ಸೊಟ್ಟ ಆದ್ರೆ ಆಮೇಲೆ ನನ್ನನ್ನು ಬೈಬೇಡ — ಅವಳು ನೆಟ್ಟಗಾದಳು, ಬಿಸಿ ಆರುತ್ತಿದೆ, ಪಕ್ಕೆ ಬಿಗಿ, ಬೆನ್ನು ಬಿಗಿ, ಹತ್ತು, ಹನ್ನೊಂದು, ಹನ್ನೆರಡು, ಹೆಬ್ಬೆರಳು ಬರುತ್ತದೆ, ಗ್ರೀಸು ಕಟ್ಟಿದ ಆ ದಪ್ಪ ಹೆಬ್ಬೆರಳು, ಒತ್ತುತ್ತದೆ, ಉಗುರು ಬೆಳ್ಳಗಾಗುತ್ತದೆ, ಇನ್ನೂ ಒತ್ತುತ್ತದೆ, ಇಳಿಯುವುದಿಲ್ಲ, ಬೆಳ್ಳಗಿನ ಉಗುರು, ಹೆಬ್ಬೆರಳು, ಇಳಿಯುವುದಿಲ್ಲ