ಬಾಗಿಲ ಬಳಿ ಎರಡು ಬ್ಯಾಗು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಊರಿಗೇ ಗೊತ್ತು. ಅದಕ್ಕೇ ಇರಬೇಕು, ಪಂಚಾಯತಿನವರು ನನ್ನನ್ನು ಮಕ್ಕಳ ಸಂರಕ್ಷಣಾ ಸಮಿತಿಗೆ ಹಾಕಿದ್ದು. ದಿಕ್ಕಿಲ್ಲದ ಮಕ್ಕಳನ್ನು ಸಾಕಲು ಕೊಟ್ಟ ಮನೆಗಳಿಗೆ ಹೇಳದೆ ಕೇಳದೆ ಹೋಗಿ, ಮಗು ಅಲ್ಲೇ ಇರಬಹುದೋ ಇಲ್ಲವೋ ಎಂದು ಬರೆದುಕೊಡುವ ಕೆಲಸ. ಸಂಬಳವಿಲ್ಲ, ಬೈಗುಳ ಬೇಕಾದಷ್ಟು.

ಬೋವಿಕಾನದ ವಸುಮತಿಯ ಮನೆಗೆ ಹೋದದ್ದು ಒಂದು ಶನಿವಾರ ಬೆಳಗ್ಗೆ. ಎಂಟು ವರ್ಷದ ಮೋಕ್ಷಿತಾ ಅಲ್ಲಿಗೆ ಬಂದು ಆರು ತಿಂಗಳಾಗಿತ್ತು. ಅದಕ್ಕೂ ಮೊದಲು ಎರಡು ಮನೆಯವರು ಅವಳನ್ನು ವಾಪಸು ಕಳಿಸಿದ್ದರು. ಇನ್ನೊಮ್ಮೆ ಹಾಗಾದರೆ ಮಗು ಮನುಷ್ಯರನ್ನೇ ನಂಬಲಿಕ್ಕಿಲ್ಲ ಎಂಬ ಹೆದರಿಕೆ ನನಗೆ.

ಒಳಗೆ ಕಾಲಿಟ್ಟರೆ ಬಾಗಿಲ ಬಳಿ ಎರಡು ಬ್ಯಾಗು, ಜಿಪ್ ಎಳೆದು ಸಿದ್ಧ. ಒಂದು ಮಗುವಿನದು, ಇನ್ನೊಂದು ದೊಡ್ಡದು. ವಸುಮತಿಯ ಗಂಡ ಚೆನ್ನಯ್ಯ ಶಾರ್ಜಾದಲ್ಲಿ. ನಮ್ಮ ಕಡೆ ಅಂಥ ಮನೆಯಲ್ಲಿ ಕಟ್ಟಿಟ್ಟ ಬ್ಯಾಗು ಕಂಡರೆ ಯಾರೂ ಏನೂ ಕೇಳುವುದಿಲ್ಲ, ವೀಸಾ ಬಂತು ಅಂತಲೇ ತಿಳಿಯುವುದು. ನನಗೆ ಮೈಯೆಲ್ಲ ಉರಿಯಿತು. ಇವಳು ಗಲ್ಫಿಗೆ, ಮಗು ಮತ್ತೆ ಅನಾಥಾಲಯಕ್ಕೆ! ಕೂರಲೂ ಇಲ್ಲ, ಬಾಯಿಗೆ ಬಂದಂತೆ ಬೈದೆ.

ವಸುಮತಿ ಎದುರಾಡಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ಮಗುವಿನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು. ಬಂದ ದಿನದಿಂದಲೂ ಮೋಕ್ಷಿತಾ ಬಟ್ಟೆಯನ್ನು ಕಪಾಟಿನಲ್ಲಿ ಇಡಲು ಬಿಟ್ಟಿಲ್ಲವಂತೆ. ಒಣಗಿದ್ದನ್ನು ತಾನೇ ಮಡಚಿ, ಬ್ಯಾಗಿಗೆ ತುಂಬಿಸಿ ಬಾಗಿಲಲ್ಲಿ ಇಡುತ್ತಾಳಂತೆ. ಕರೆದುಕೊಂಡು ಹೋಗಲು ಯಾರಾದರೂ ಬಂದರೆ ತಡವಾಗಬಾರದಲ್ಲ.

"ಮತ್ತೆ ಈ ದೊಡ್ಡದು?" ಎಂದೆ.

"ಅದು ನನ್ನದು ಅಕ್ಕಾ. ಎಲ್ಲಿಗೂ ಕಳಿಸುವುದಿಲ್ಲ ಅಂತ ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಇಲ್ಲ. ಹಾಗೆ ನಾನೂ ಕಟ್ಟಿ ಇಟ್ಟೆ. ನಿನ್ನನ್ನು ಕರ್ಕೊಂಡು ಹೋದರೆ ನಾನೂ ಬರುವವಳೇ ಅಂತ ಹೇಳಿದ್ದೇನೆ. ಆರು ತಿಂಗಳಿಂದ ನನ್ನ ಸೀರೆ ಎಲ್ಲ ಇದರಲ್ಲೇ ಉಂಟು."

ಅರವತ್ತೆರಡು ವರ್ಷದಲ್ಲಿ ಎಷ್ಟೋ ತಾಯಂದಿರನ್ನು ನೋಡಿದ್ದೇನೆ, ನಾನೂ ಮೂವರನ್ನು ಹೆತ್ತವಳೇ. ಇದು ನನಗೆ ಹೊಳೆಯುತ್ತಿರಲಿಲ್ಲ. ಆ ಹೆಂಗಸಿನ ಮುಂದೆ ನಿಲ್ಲಲಿಕ್ಕೇ ನಾಚಿಕೆಯಾಯಿತು.

ಅಷ್ಟರಲ್ಲಿ ಮೋಕ್ಷಿತಾ ಒಳಗೆ ಬಂದಳು. ನನ್ನ ಕೈಯ ಫೈಲು ನೋಡಿದಳು. ಫೈಲು ಹಿಡಿದವರು ಯಾಕೆ ಬರುತ್ತಾರೆಂದು ಅವಳಿಗೆ ಗೊತ್ತು. ಅಳಲಿಲ್ಲ. ತನ್ನ ಬ್ಯಾಗನ್ನು ಹೆಗಲಿಗೆ ಹಾಕಿದಳು. ಆಮೇಲೆ ದೊಡ್ಡ ಬ್ಯಾಗನ್ನು ಎರಡೂ ಕೈಯಲ್ಲಿ ಎಳೆದು ತಂದು ವಸುಮತಿಯ ಕಾಲ ಬಳಿ ನಿಲ್ಲಿಸಿದಳು.

"ಅಮ್ಮ, ಹೋಗುವ," ಎಂದಳು.