ಮಣ್ಣಿಗೆ ಹೋದ ಫೋನು

ಮಮದಾಪುರದ ಧೂಳಪ್ಪನ ಮನೆತನದಲ್ಲಿ ಸತ್ತವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಇರಲಿಲ್ಲ. ಅಜ್ಜ ತೀರಿಕೊಂಡಾಗ ಕುರಿ ಕಾಯುವ ಕೋಲನ್ನು ಮಗ್ಗುಲಿಗಿಟ್ಟು ಮಣ್ಣು ಕೊಟ್ಟಿದ್ದರು. ಅಪ್ಪನ ಜೊತೆ ಎಲೆ ಅಡಿಕೆಯ ಚಂಚಿ ಹೋಯಿತು. ಅವ್ವನ ಜೊತೆ ಉಣ್ಣೆ ನೂಲುವ ಕದಿರು. ಬದುಕಿರುವ ತನಕ ಕೈ ಬಿಡದ ವಸ್ತು ಆಮೇಲೂ ಕೈ ಬಿಡಬಾರದು ಎಂದು ಹಿರಿಯರು ಹೇಳುತ್ತಿದ್ದರು, ಧೂಳಪ್ಪ ಅದನ್ನು ಮರೆತವನಲ್ಲ.

ಹಾಗಾಗಿ ಹೋದ ವರ್ಷ ಕಾರಹುಣ್ಣಿಮೆ ಮುಗಿದ ವಾರದಲ್ಲಿ ತಮ್ಮ ಶಿವಲಿಂಗ ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡು ಹೊರಟುಹೋದಾಗ ಅವನು ಹೆಚ್ಚು ವಿಚಾರ ಮಾಡಲಿಲ್ಲ. ಶಿವಲಿಂಗ ಎಲೆ ಹಾಕುವವನಲ್ಲ, ಕುರಿ ಕಾದವನಲ್ಲ. ಅವನ ಕೈಯಲ್ಲಿ ಸದಾ ಇರುತ್ತಿದ್ದದ್ದು ಫೋನು. ಕುಣಿಗೆ ಇಳಿಸುವ ಮುಂಚೆ ಧೂಳಪ್ಪ ತಾನೇ ಅದನ್ನು ಅಂಗಿಯ ಎದೆಯ ಕಿಸೆಯಲ್ಲಿಟ್ಟು ಗುಂಡಿ ಹಾಕಿದ. ತಮ್ಮನ ಹೆಂಡತಿ ಮಹಾನಂದಾ ಏನೋ ಹೇಳಲು ಬಾಯಿ ತೆರೆದವಳು, ಭಾವನ ಮುಖ ನೋಡಿ ಸುಮ್ಮನಾದಳು.

ಅಣ್ಣ ಊರಲ್ಲಿ ಕಂಬಳಿ ನೇಯುವುದು, ತಮ್ಮ ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರದ ಅಂಗಡಿಯಲ್ಲಿ ಮಾರುವುದು, ಇಪ್ಪತ್ತು ವರ್ಷ ಹೀಗೆ ನಡೆದಿತ್ತು. ಗುಮ್ಮಟ ನೋಡಲು ಬಂದವರು ಕಂಬಳಿ ಮುಟ್ಟಿ, ಚುಚ್ಚುತ್ತದೆ ಎಂದು ನಕ್ಕು ಹೋಗುತ್ತಿದ್ದರು. ವ್ಯಾಪಾರ ಕುದುರಿದ್ದು ಶಿವಲಿಂಗ ವೆಬ್‌ಸೈಟು ಮಾಡಿಸಿದ ಮೇಲೆ. ಮಾಡಿಕೊಟ್ಟವಳು ಸಂಪದಾ ಎಂಬ ಹುಡುಗಿ. ಬ್ಯಾಂಕಿನ ನೌಕರರೊಬ್ಬರ ಮಗಳು, ವಿಜಯಪುರದ ಖಾನಾವಳಿ, ಗಿರಣಿ, ಫೋಟೋ ಸ್ಟುಡಿಯೋಗಳಿಗೆಲ್ಲ ಅವಳೇ ಸೈಟು ಮಾಡುತ್ತಿದ್ದಳು. ಮಮದಾಪುರಕ್ಕೇ ಬಂದು ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ದಂಡೆಗೆ ಕುಳಿತು, ಒಂದು ಕಂಬಳಿಗೆ ಎಷ್ಟು ದಿನ ಬೇಕು, ಹುಣಸೆ ಬೀಜದ ಗಂಜಿ ಯಾಕೆ ಹಚ್ಚುತ್ತೀರಿ, ಮದುವೆಗೆ ಕರಿ ಕಂಬಳಿಯೇ ಯಾಕೆ ಹಾಸುತ್ತಾರೆ ಎಂದು ಒಂದು ಹೊತ್ತೆಲ್ಲ ಕೇಳಿ ಬರೆದುಕೊಂಡಿದ್ದಳು. ಜನ ಹುಡುಕುವಾಗ ಕೇಳುವ ಮಾತೇ ಸೈಟಿನಲ್ಲಿದ್ದರೆ ಅಂಗಡಿ ಮೇಲೆ ಬರುತ್ತದೆ ಎಂದಿದ್ದಳು. ಹಾಗೇ ಆಯಿತು. ಪುಣೆ, ಸೊಲ್ಲಾಪುರ, ಹುಬ್ಬಳ್ಳಿಯಿಂದ ಫೋನು ಬರತೊಡಗಿದವು. ಧೂಳಪ್ಪ ಎರಡು ಚಳಿಗಾಲ ಮಗ್ಗದಿಂದ ಏಳಲಿಲ್ಲ.

ಮೂರನೆಯ ಇಯತ್ತೆ ದಾಟದ ಅವನು ಸೈಟು ಎಂಬುದನ್ನು ರಸ್ತೆ ಬದಿಯ ಬೋರ್ಡಿನ ಹಾಗೆ ತಿಳಿದಿದ್ದ. ಒಮ್ಮೆ ಮೊಳೆ ಹೊಡೆದರೆ ಮುಗಿಯಿತು, ಹೊಡೆದವನು ಸತ್ತರೂ ಬೋರ್ಡು ನಿಂತಿರುತ್ತದೆ. ತಮ್ಮ ಹೋದ ಮೇಲೆ ಅಂಗಡಿಯಲ್ಲಿ ಅವನೂ ಮಹಾನಂದಾಳೂ ಸರದಿಯ ಮೇಲೆ ಕುಳಿತರು. ಮಳೆಗಾಲದಲ್ಲಿ ಗಿರಾಕಿ ಬರಲಿಲ್ಲ, ಮಳೆಗಾಲವಲ್ಲವೇ ಎಂದುಕೊಂಡರು. ದೀಪಾವಳಿ ಹೋಯಿತು, ಚಳಿ ಬಿತ್ತು, ಹೊರಗಿನಿಂದ ಒಬ್ಬರೂ ಕೇಳಿಕೊಂಡು ಬರಲಿಲ್ಲ. ನೇಯ್ದ ಕಂಬಳಿ ಅಟ್ಟದ ತನಕ ಏರಿ ನುಸಿ ಹಿಡಿಯಿತು. ಯುಗಾದಿ ಅಮಾವಾಸ್ಯೆಗೆ ಅಂಗಡಿಯ ಕೀಲಿ ಮಾಲೀಕರಿಗೆ ಕೊಟ್ಟುಬಿಡುತ್ತೇನೆ, ಹಾಸ್ಟೆಲ್ಲೊಂದರಲ್ಲಿ ಅಡುಗೆಗೆ ಕರೆದಿದ್ದಾರೆ ಎಂದಳು ಮಹಾನಂದಾ. ಅಂಗಡಿ ಹೋದರೆ ಮಗ್ಗವೂ ಹೋದಂತೆಯೇ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಇಬ್ಬರೂ ಅಂಗಡಿಯಲ್ಲಿದ್ದಾಗ ಸಂಪದಾ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ಸೈಟಿನ ವರ್ಷದ ಹಣ ಕಟ್ಟುವ ಹೊತ್ತು ಬಂದಿದೆ ಎಂದು ಹೇಳಲು ಶಿವಲಿಂಗನಿಗೆ ಫೋನು ಹಚ್ಚಿದ್ದಳಂತೆ. ಯಾರೋ ಹೆಣ್ಣುಮಗಳು ಎತ್ತಿ, ಅವರು ತೀರಿಕೊಂಡಾರ, ಅಂಗಡಿ ಬಂದ್ ಆಗೈತಿ ಎಂದಳಂತೆ. ಬೋರ್ಡು ಇನ್ನೂ ಇದೆಯಲ್ಲ ಎಂದು ಧೂಳಪ್ಪ ಕೇಳಿದ. ಅವಳು ತನ್ನ ಫೋನನ್ನು ಅವನ ಮುಂದೆ ಹಿಡಿದಳು.

ಮಗ್ಗದ ಕುಣಿಯಲ್ಲಿ ಕುಳಿತ ತನ್ನದೇ ಮುಖ. ಕೆಳಗೆ ಅಂಗಡಿಯ ಹೆಸರು. ಅದರ ಕೆಳಗೆ ಕೆಂಪು ಅಕ್ಷರ. ಧೂಳಪ್ಪ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಓದಿದ. ಶಾಶ್ವತವಾಗಿ ಮುಚ್ಚಲಾಗಿದೆ. ಅವನು ತಲೆಯೆತ್ತಿ ಅಂಗಡಿಯ ಬಾಗಿಲು ನೋಡಿದ. ತೆರೆದೇ ಇತ್ತು. ಒಳಗೆ ಅವನು ಕುಳಿತೇ ಇದ್ದ.

ಸಂಪದಾ ನಿಧಾನಕ್ಕೆ ಬಿಡಿಸಿ ಹೇಳಿದಳು. ಜನ ಹುಡುಕಿದಾಗ ಮೊದಲು ಕಾಣುವುದು ನಕ್ಷೆಯ ಮೇಲಿನ ಈ ಗುರುತು, ಸೈಟು ಅದರ ಕೆಳಗೆ. ಫೋನು ಹಚ್ಚಿದವರೆಲ್ಲ ಬಂದ್ ಆಗಿದೆ ಎಂದು ಕೇಳಿಸಿಕೊಂಡು, ಪಾಪ ಉಳಿದವರಿಗೂ ತಿಳಿಯಲಿ ಎಂದು ಅಲ್ಲಿ 'ಮುಚ್ಚಿದೆ' ಎಂದು ಒತ್ತಿ ಹೋಗಿದ್ದಾರೆ. ಅದನ್ನು ಅಳಿಸುವ ಅಧಿಕಾರ ಶಿವಲಿಂಗನ ಖಾತೆಗೆ ಮಾತ್ರ. ಖಾತೆಯ ಪಾಸ್‌ವರ್ಡು ನಿಮ್ಮ ಹತ್ತಿರವೇ ಇರಲಿ, ನನಗೂ ಕೊಡಬೇಡಿ ಎಂದು ಸೈಟು ಮಾಡಿದಾಗ ಅವಳೇ ಅವನಿಗೆ ಹೇಳಿದ್ದಳು.

"ಶಿವಲಿಂಗ ಕಾಕಾರ ಫೋನು ಎಲ್ಲದರೀ?" ಎಂದಳು.

ಮಹಾನಂದಾ ಕಂಬಳಿಯ ಅಂಚು ಮಡಚುತ್ತ ಕುಳಿತಳು. ಹೇಳಬೇಕಾದವನು ಧೂಳಪ್ಪನೇ. "ಅವನ ಕಿಸೆದಾಗ ಐತಿ, ತಂಗಿ. ನಾನಽ ಇಟ್ಟೀನಿ," ಎಂದ.

ಅವಳು ನಗಲಿಲ್ಲ, ಬೈಯಲಿಲ್ಲ. ಆ ನಂಬರಿಗೆ ಬರುವ ಗುಟ್ಟಿನ ಅಂಕಿ, ಓಟಿಪಿ, ಸಿಕ್ಕರೆ ಒಂದು ದಾರಿ ಇರಬಹುದು ಎಂದಳು. ರೀಚಾರ್ಜ್ ಇಲ್ಲದೆ ಸತ್ತ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟಿದ್ದರು. ಅಲ್ಲಿಂದಲೇ ಮತ್ತೆ ಫೋನು ಹಚ್ಚಿದಳು. ಆ ಹೆಣ್ಣುಮಗಳ ಹೆಸರು ಪೀರಾಂಬಿ, ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗುವವಳು. ಅಂಕಿ ಕೇಳಿದ ಕೂಡಲೇ ದನಿ ಬಿಗಿಯಾಯಿತು. ಫೋನಿನಲ್ಲಿ ಯಾರಿಗೂ ಹೇಳಬಾರದು ಎಂದು ದಿನಾ ಸಾರುತ್ತಾರೆ, ಕಣ್ಣೆದುರು ಬಂದು ನಿಂತರೆ ಹೇಳುತ್ತೇನೆ ಎಂದು ಇಟ್ಟುಬಿಟ್ಟಳು.

ಮರುದಿನ ಧೂಳಪ್ಪ ಇದ್ದುದರಲ್ಲಿ ನುಸಿ ಮುಟ್ಟದ ಕಂಬಳಿಯೊಂದನ್ನು ಬಗಲಿಗಿಟ್ಟುಕೊಂಡು ಸಂಪದಾಳ ಜೊತೆ ತಿಕೋಟಾ ಬಸ್ಸು ಹತ್ತಿದ. ಮುಚ್ಚಿಲ್ಲ, ತೆರೆದಿದೆ ಎಂದು ಅವಳು ಹೊರಗಿನವಳಾಗಿ ನಕ್ಷೆಯ ಕಂಪನಿಗೆ ಬರೆದು ಕಳಿಸಿ ನೋಡಿದ್ದಳು. ಮುಚ್ಚಿದೆ ಎಂದವರು ಬಹಳ ಮಂದಿ, ಅವಳೊಬ್ಬಳ ಮಾತು ನಡೆದಿರಲಿಲ್ಲ.

ಶೆಡ್ಡಿನಲ್ಲಿ ಹಸಿರು ಪರದೆಯ ಕೆಳಗೆ ಸಾಲುಸಾಲು ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಪೀರಾಂಬಿ ಐವತ್ತರ ಆಚೆಯ ಹೆಂಗಸು, ಕಡ್ಡಿ ಬಿಡಿಸುತ್ತ ಕುಳಿತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಮೊದಲು ಚಹಾ ತರಿಸಿದಳು. ಸಿಮ್ ತಗೊಂಡು ನಾಲ್ಕು ತಿಂಗಳಾಯಿತು, ಕಂಬಳಿ ಕೇಳುವವರ ಕಾಟಕ್ಕೆ ಸಾಕಾಗಿತ್ತು ಎಂದಳು. ಮರಾಠಿಯಲ್ಲಿ ಕೇಳುವವರೂ ಇದ್ದರಂತೆ.

"ನಮ್ಮ ಮನ್ಯಾವ್ರು, ಕಂಬಳಿ ಅಂಗಡಿ ಯಾವಾಗ ಇಟ್ಟೀ ಬೇ, ನನಗೊಂದು ಹೊದಿಯಾಕ ಕೊಡು ಅಂತ ಚಾಷ್ಟಿ ಮಾಡ್ತಿದ್ರು," ಎಂದು ನಕ್ಕು, ಧೂಳಪ್ಪನ ಮುಖ ನೋಡಿ ನಗು ನಿಲ್ಲಿಸಿದಳು.

ಅಂಗಡಿ ಬಂದ್ ಆಗಿದೆ ಎಂದು ನಿಮಗೆ ಹೇಳಿದವರು ಯಾರು ಎಂದು ಸಂಪದಾ ಕೇಳಿದಳು. ಪೀರಾಂಬಿ ಚಹಾದ ಬಟ್ಟಲು ಕೆಳಗಿಟ್ಟಳು. ಸಿಮ್ ಹಾಕಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ದಿನಾ ಫೋನು ಹಚ್ಚಿ, ಮಾತಾಡದೆ ಇಡುತ್ತಿದ್ದಳಂತೆ. ನಾಲ್ಕನೆಯ ದಿನ ಪೀರಾಂಬಿ ಗದರಿಸಿ ಕೇಳಿದಳು.

"ಅಕಿ ಅಳಾಕ ಹತ್ತಿದಳ್ರಿ ಅಣ್ಣಾರ. ಇದು ನಮ್ಮ ಯಜಮಾನರ ನಂಬರು, ಅವರು ಮಣ್ಣಾಗ ಅದಾರ, ರಿಂಗ್ ಆತು ಅಂತ ಹಚ್ಚಿದೆ ಅಂದ್ಲು. ಯಜಮಾನರಽ ಹೋದ್ರಂದ್ರ ಅಂಗಡೀನೂ ಮುಚ್ಚಿರಬೇಕು ಅಂತ ತಿಳಕೊಂಡೆ. ಆವತ್ತಿನಿಂದ ಯಾರು ಕಂಬಳಿ ಕೇಳಿದ್ರೂ, ಅವ್ರು ಹೋಗ್ಯಾರ್ರಿ, ಅಂಗಡಿ ಬಂದ್ ಆಗೈತಿ, ಆ ಮನಿಯವ್ರಿಗೆ ತ್ರಾಸ ಕೊಡಬ್ಯಾಡ್ರಿ ಅಂತ ಹೇಳ್ಕೋತ ಬಂದೀನಿ. ತಪ್ಪಾತೇನ್ರಿ?"

ಧೂಳಪ್ಪ ಇಲ್ಲವೆಂದು ತಲೆಯಾಡಿಸಿದ. ಸಂಜೆ ಹೊತ್ತು ಮಹಾನಂದಾ ಫೋನು ಹಿಡಿದು ಅಂಗಡಿಯ ಹಿಂದಕ್ಕೆ ಹೋಗುತ್ತಿದ್ದದ್ದು ಅವನಿಗೆ ನೆನಪಾಯಿತು. ತವರಿನವರ ಜೊತೆ ಮಾತಾಡುತ್ತಾಳೆ ಎಂದುಕೊಂಡಿದ್ದ.

ಸಂಪದಾ ತನ್ನ ಫೋನಿನಿಂದ ಖಾತೆ ತೆರೆಯಲು ಕೇಳಿದ ಕೂಡಲೇ ಅಂಕಿ ಬಂತು. ಪೀರಾಂಬಿ ಓದಲು ಬಾರದೆ ಫೋನನ್ನೇ ಕೈಗೆ ಕೊಟ್ಟಳು. ಸಂಪದಾ ಒಂದೊಂದಾಗಿ ಒತ್ತಿದಳು. ಒತ್ತಿ ಮುಗಿಸಿ, ಫೋನಿನ ಪರದೆಯ ಮೇಲೆ ಬಂದದ್ದನ್ನು ಓದಿ ಹೇಳಿದಳು. ಅಂಕಿ ಸರಿ ಇದೆ. ಆದರೆ ಕೇಳುತ್ತಿರುವವನು ಖಾತೆಯ ಯಜಮಾನನೇ ಹೌದೋ ಅಲ್ಲವೋ ಎಂದು ಗೊತ್ತಾಗಲು ಹಳೆಯ ಫೋನಿನಲ್ಲಿ 'ಹೌದು' ಎಂದು ಒತ್ತಬೇಕಂತೆ. ಆ ಫೋನಿಗೆ ಈಗಷ್ಟೇ ಕೇಳಿ ಕಳಿಸಿದ್ದೇವೆ ಎಂದು ಬರೆದಿತ್ತು.

ಎರಡು ಸಲ ಮಾಡಿದಳು. ಎರಡು ಸಲವೂ ಅದೇ.

ಬಸ್ ನಿಲ್ದಾಣಕ್ಕೆ ನಡೆಯುವಾಗ ಧೂಳಪ್ಪ ಹಿಂದೆ ಬಿದ್ದ. ಅವಳು ನಿಂತು ಕಾದಳು. ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಅವನು ಕೇಳಿದ.

"ತೆಗೆದ್ರ ನಡೀತೈತೇನವಾ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ತೋಳು ಹಿಡಿದುಕೊಂಡಳು. "ಇಲ್ಲ್ರೀ ಕಾಕಾ. ಮಣ್ಣಾಗಿಟ್ಟು ಒಂದು ಮಳಿಗಾಲ ಹೋಗೇದ. ಅದು ಉಳಿದಿರೂದಿಲ್ಲ. ಆ ವಿಚಾರ ಬಿಡ್ರಿ."

ದಾರಿಯಲ್ಲಿ ಅವಳು ಸಮಾಧಾನದ ಮಾತು ಆಡಿದಳು. ಹೊಸ ಹೆಸರಿನಲ್ಲಿ ಹೊಸ ಸೈಟು ಮಾಡುತ್ತೇನೆ, ಏನೂ ಕೊಡಬೇಡಿ ಎಂದಳು. ಅದು ಮೇಲೆ ಬರಲು ಎಷ್ಟು ದಿನ ಎಂದು ಅವನು ಕೇಳಿದ. ವರ್ಷವಾಗಬಹುದು, ಎರಡೂ ಆಗಬಹುದು, ಹಳೆಯದು ಮಾತ್ರ ಅಲ್ಲೇ ಮೇಲೆ ಇರುತ್ತದೆ ಎಂದು ಅವಳು ಸುಳ್ಳು ಬೆರೆಸದೆ ಹೇಳಿದಳು. ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು.

ಕಂಬಳಿಯನ್ನು ಪೀರಾಂಬಿಗೆ ಕೊಟ್ಟು ಬಂದಿದ್ದ. ಇನ್ನು ಮೇಲೆ ಕೇಳಿದವರಿಗೆಲ್ಲ ಅಂಗಡಿ ಇದೆ ಎಂದು ಹೇಳುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಕೊಟ್ಟವಳೇ ತಡೆದು, ಈಗ ತಿಂಗಳಾಯಿತು, ಕಂಬಳಿ ಕೇಳಿ ಒಬ್ಬರೂ ಫೋನು ಹಚ್ಚಿಲ್ಲ ಎಂದೂ ಹೇಳಿದ್ದಳು.

ಮಹಾನಂದಾ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವನ ನಡಿಗೆ ನೋಡಿಯೇ ತಿಳಿದುಕೊಂಡಳು. ಆದರೂ ಕೇಳಿದಳು.

"ಆ ಹೆಣ್ಮಗಳು ಏನಂದಳ್ರಿ ಭಾವಾರ?"

"ಏನೂ ಅನ್ಲಿಲ್ಲ. ಚಲೋ ಹೆಣ್ಮಗಳು. ಅಕಿದೇನೂ ತಪ್ಪಿಲ್ಲ, ಫೋನು ಮಣ್ಣಾಗಿಟ್ಟವ ನಾ," ಎಂದ.

ಅವಳು ಅವನನ್ನೇ ನೋಡಿದಳು. ಇನ್ನೇನನ್ನೋ ಕೇಳುವವಳಂತೆ ತುಟಿ ಅಲುಗಿದವು. ಅವನು ಚಪ್ಪಲಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದ.

ಅಮಾವಾಸ್ಯೆಯ ದಿನ ಕೀಲಿ ಕೊಟ್ಟಾಯಿತು. ಧೂಳಪ್ಪ ಉಳಿದ ಕಂಬಳಿಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು, ಬಬಲೇಶ್ವರದಲ್ಲಿ ಇಳಿಸಿ ಇನ್ನೊಂದಕ್ಕೆ ಏರಿಸಿ ಊರಿಗೆ ತಂದ. ಯುಗಾದಿ ಮುಗಿದ ಮೂರನೆಯ ದಿನ ಮಗ್ಗ ಬಿಚ್ಚಿದ. ಕಾಲು ಇಳಿಬಿಡುವ ಕುಣಿ ಹಾಗೇ ಬಾಯಿ ತೆರೆದು ಉಳಿಯಿತು. ಆಡಿನ ಮರಿ ಬಿದ್ದು ಕಾಲು ಮುರಿದುಕೊಳ್ಳಬಾರದೆಂದು ಕೆರೆಯ ಕಡೆಯಿಂದ ಎರಡು ಗಾಡಿ ಮಣ್ಣು ತರಿಸಿದ.

ಸುರಿಯುವ ಮುಂಚೆ, ನಲವತ್ತು ವರ್ಷ ಕೈಯಲ್ಲಿ ಆಡಿದ ಲಾಳಿಯನ್ನು ಕುಣಿಯೊಳಗೆ ಇಡಲು ಬಾಗಿದ. ಬಾಗಿದವನಿಗೆ ತಮ್ಮನ ಕಿಸೆಗೆ ಹಾಕಿದ ಗುಂಡಿ ನೆನಪಾಯಿತು. ಆಮೇಲೆ ಕೈ ಹಿಂದಕ್ಕೆ ತೆಗೆದು, ಲಾಳಿಯನ್ನು ಗೋಡೆಯ ಗೂಟಕ್ಕೆ ಸಿಗಿಸಿ, ಸಲಿಕೆ ಎತ್ತಿಕೊಂಡ.